ಕೇಳದೆ ಬರೆದ ಒಂದು ಸಾವು

ಬೆಚ್ಚಗಿನ ನೀರಿನ ಮೇಲೆ ಮೇಣದ ಪಟ್ಟಿಯೊಂದು ಸುಕ್ಕು ಬಿಡಿಸಿಕೊಂಡು ಮೆಲ್ಲಗೆ ಹರಡಿಕೊಳ್ಳುವುದು ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಆ ಪಟ್ಟಿಗೆ ಕೊನೆಯೇ ಇರುವುದಿಲ್ಲ. ನೀರಿನ ತಟ್ಟೆ ಹಿಗ್ಗಿ ಹಿಗ್ಗಿ ಮಂಡಿಕಲ್ಲಿನ ಹತ್ತಿರದ ನಮ್ಮೂರ ಕೆರೆಯಷ್ಟಾಗುತ್ತದೆ. ನಾನು ಕುಂಚ ಹಿಡಿದು ದಡದಲ್ಲಿ ಕೂತಿರುತ್ತೇನೆ. ಯಾವ ಅವಸರವೂ ಇಲ್ಲ.

ಸಿರಿ, ನೀನು ಲ್ಯಾಬ್ ಟೆಕ್ನಿಷಿಯನ್ ಓದಿಗೆ ಸೇರಿದೆ ಎಂದು ನಿಮ್ಮಮ್ಮ ಹೇಳಿದ ದಿನ ನಾನು ಏನೂ ಮಾತಾಡಲಿಲ್ಲ. ನಿನ್ನ ತಮ್ಮ ಧನು, "ಅಜ್ಜಿಗೆ ಖುಷೀನೇ ಆಗಿಲ್ಲ ಕಣೇ" ಎಂದು ನಿನ್ನನ್ನು ರೇಗಿಸಿದ. ಖುಷಿಯಾಗಿತ್ತು. ಎದುರಿಗೆ ಮನುಷ್ಯರಿದ್ದರೆ ನನಗೆ ಮಾತು ಗಂಟಲಿನಲ್ಲೇ ನಿಲ್ಲುತ್ತದೆ, ಅಷ್ಟೆ. ಈ ಸ್ವಭಾವದಿಂದ ನನ್ನ ಕೆಲಸದಲ್ಲಿ ಒಂದು ದೊಡ್ಡ ತಪ್ಪು ನಡೆಯಿತು. ನಿಮ್ಮಿಬ್ಬರಿಗೂ ಅದನ್ನು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬಾಯಲ್ಲಿ ಆಗಲಿಲ್ಲ, ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮಮ್ಮನಿಗೆ ಐದು ವರ್ಷ. ನಾನು ಊರಿನ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದ್ದೆ. ಚಿಕ್ಕಬಳ್ಳಾಪುರದ ಹೊರಗಿದ್ದ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸಕ್ಕೆ ಸೇರಿದೆ. ಒಂದು ದಿನ ಲ್ಯಾಬಿನ ಗಾಜಿನ ಸ್ಲೈಡುಗಳನ್ನು ತೊಳೆಯಲು ಕರೆದರು. ಒಂದನ್ನೂ ಒಡೆಯದೆ ತೊಳೆದೆನೆಂದು ಅಲ್ಲೇ ಉಳಿಸಿಕೊಂಡರು.

ಅಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದವರು ಬಷೀರ್ ಸಾಬರು. ಆಪರೇಷನ್ನಿನಲ್ಲಿ ತೆಗೆದ ಮಾಂಸದ ತುಣುಕನ್ನು ಮೇಣದಲ್ಲಿ ಅಚ್ಚು ಹಾಕಿ ಗಟ್ಟಿ ಮಾಡುತ್ತಾರೆ. ಅದನ್ನು ಬ್ಲಾಕ್ ಎನ್ನುತ್ತೇವೆ. ಬ್ಲಾಕನ್ನು ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಬ್ಲೇಡಿನ ಅಂಚಿನಿಂದ ಈರುಳ್ಳಿಯ ಒಳಪೊರೆಗಿಂತ ತೆಳ್ಳಗಿನ ಪಟ್ಟಿ ಬರುತ್ತದೆ. ಅದನ್ನು ಕುಂಚದ ತುದಿಯಿಂದ ಎತ್ತಿ ಬೆಚ್ಚಗಿನ ನೀರಿನಲ್ಲಿ ತೇಲಿಸಿ, ಗಾಜಿನ ಮೇಲೆ ಹಿಡಿದು, ಬಣ್ಣ ಹಾಕಬೇಕು. ಜೀವಕೋಶದ ನಡುಭಾಗ ನೀಲಿ, ಉಳಿದದ್ದು ಗುಲಾಬಿ.

"ಉಸಿರು ಹಿಡ್ಕೊಳಮ್ಮ," ಎನ್ನುತ್ತಿದ್ದರು ಸಾಬರು. "ನೀನು ಉಸಿರು ಬಿಟ್ರೆ ಪೇಷಂಟು ಹಾರೋಗ್ತಾನೆ."

ಹಾರಿಹೋಗಲಿಲ್ಲ, ಆದರೆ ಒಮ್ಮೆ ಕರಗಿಹೋಯಿತು. ನೀರು ಹೆಚ್ಚು ಬಿಸಿಯಾಗಿದ್ದುದನ್ನು ನಾನು ನೋಡಿಕೊಂಡಿರಲಿಲ್ಲ. ಪಟ್ಟಿ ಇಟ್ಟ ಕ್ಷಣವೇ ರಂಗೋಲಿ ಪುಡಿಯ ಹಾಗೆ ಚೆದುರಿತು. ಬ್ಲಾಕಿನಲ್ಲಿ ಇನ್ನೂ ಸ್ವಲ್ಪ ತುಣುಕು ಉಳಿದಿದ್ದರಿಂದ ಆ ರೋಗಿ ಮತ್ತೊಮ್ಮೆ ಗಂಟಲಿಗೆ ಕೊಳವೆ ಇಳಿಸಿಕೊಳ್ಳುವುದು ತಪ್ಪಿತು. ಸಾಬರು ಬೈಯಲಿಲ್ಲ. ಇಡೀ ವಾರ ನನಗೆ ಬರೀ ನೀರಿನ ಬಿಸಿ ನೋಡುವ ಕೆಲಸ ಕೊಟ್ಟರು. ಸಿರಿ, ನೀರನ್ನು ಮೊದಲು ನೋಡು. ಆಮೇಲೆ ಬ್ಲೇಡು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕೂರುತ್ತಿದ್ದೆ. ಆರೋಗ್ಯವಾದ ಜಠರದ ಒಳಪದರ ನಂದಿಯ ಕಡೆಯ ದ್ರಾಕ್ಷಿ ಚಪ್ಪರದ ಹಾಗೆ ಕಾಣುತ್ತದೆ: ಸಾಲು, ಸಾಲಿನ ಪಕ್ಕ ಸಾಲು, ನಡುವೆ ಓಡಾಡುವಷ್ಟು ಜಾಗ. ಆ ಗುಲಾಬಿ ಓಣಿಗಳಲ್ಲಿ ನಾನು ಎಷ್ಟೋ ಸಲ ಬರಿಗಾಲಲ್ಲಿ ನಡೆದಿದ್ದೇನೆ. ಕ್ಯಾನ್ಸರ್ ಬಂದ ಕಡೆ ಚಪ್ಪರ ಕುಸಿದಿರುತ್ತದೆ. ಅದಕ್ಕಿಂತ ಮನಸ್ಸಿಗೆ ಕಸಿವಿಸಿಯಾಗುತ್ತಿದ್ದುದು ಒಂಟಿ ಕೋಶಗಳನ್ನು ಕಂಡಾಗ. ಗುಂಪಿನಿಂದ ಬಿಡಿಸಿಕೊಂಡು, ಯಾರಿಗೂ ಹೇಳದೆ, ಮಾಂಸದ ಎಳೆಗಳ ನಡುವೆ ಎಲ್ಲಿಗೋ ಹೊರಟಿರುತ್ತವೆ. ಎಲ್ಲಿಗೆ ಹೊರಟಿವೆ, ಯಾರು ಹೋಗು ಅಂದರು ಎಂದು ನಾನು ಕೇಳಿಕೊಳ್ಳುತ್ತಿದ್ದೆ.

ಬಹಳ ವರ್ಷಗಳ ಮೇಲೆ ಅದೇ ಪ್ರಶ್ನೆಯನ್ನು ನಮ್ಮ ವಿಭಾಗದ ದೊಡ್ಡ ಡಾಕ್ಟರಮ್ಮ ಎತ್ತಿಕೊಂಡರು. ಅವರ ಜೊತೆ ಸಂಶೋಧನೆ ಮಾಡಲು ಮೇಘನಾ ಎಂಬ ಹುಡುಗಿ ಬಂದಳು. ಸಾಬರು ಆ ಹೊತ್ತಿಗೆ ನಿವೃತ್ತರಾಗಿದ್ದರು, ಯಂತ್ರ ನನ್ನ ಕೈಯಲ್ಲಿತ್ತು. ಏನು ಹುಡುಕುತ್ತಿದ್ದೇವೆಂದು ತಿಳಿಯದೆ ನಾನು ಕೆಲಸ ಮಾಡಬಾರದೆಂದು ಡಾಕ್ಟರಮ್ಮ ಒಂದು ಸಂಜೆ ಕೂರಿಸಿ ವಿವರಿಸಿದರು.

ಪ್ರತಿ ಕೋಶದ ನಡುವೆ ಒಂದು ದೊಡ್ಡ ಪುಸ್ತಕವಿದೆಯಂತೆ. ಕೆಲಸ ಬಿದ್ದಾಗ ಅದರ ಒಂದು ಪುಟ ಚೀಟಿಯಾಗಿ ನಕಲಾಗಿ ಹೊರಗೆ ಬರುತ್ತದೆ, ಚೀಟಿಯಲ್ಲಿದ್ದಂತೆ ಕೋಶ ನಡೆದುಕೊಳ್ಳುತ್ತದೆ. ಮೈಕ್ರೋ ಆರ್‌ಎನ್‌ಎ ಎಂಬ ಬಹಳ ಗಿಡ್ಡ ತುಣುಕುಗಳಿವೆ. ಅವು ಹೋಗಿ ಚೀಟಿಯ ಮೇಲೆ ಕೂತರೆ ಆ ಚೀಟಿಯನ್ನು ಓದಲಾಗುವುದಿಲ್ಲ.

"ಅಂದ್ರೆ ಬಾಯಿ ಮುಚ್ಚಿಸ್ತಾವಾ ಮೇಡಂ?" ಎಂದೆ.

"ಹೂಂ, ಅದೇ. ಕೆಲವು ಒಳ್ಳೇದಕ್ಕೆ ಮುಚ್ಚಿಸ್ತಾವೆ. 'ಜಾಗ ಬಿಟ್ಟು ಹೊರಡು' ಅನ್ನೋ ಚೀಟಿ ಇರತ್ತಲ್ಲ, ಅದನ್ನ ಸುಮ್ಮನಿರಿಸ್ತಾವೆ. ಜಠರದ ಕ್ಯಾನ್ಸರಲ್ಲಿ ಅಂಥವು ಕಮ್ಮಿ ಆದ್ರೆ ಕೋಶ ಎದ್ದು ಲಿವರಿಗೋ ಇನ್ನೆಲ್ಲಿಗೋ ಹೋಗತ್ತೆ. ಇನ್ನು ಕೆಲವು ತಿರುಗುಮುರುಗು. 'ಇಲ್ಲೇ ಇರು' ಅನ್ನೋ ಚೀಟೀನೇ ಮುಚ್ಚಿಬಿಡ್ತಾವೆ. ಅವು ಜಾಸ್ತಿ ಆದ್ರೆ ಕಷ್ಟ."

ನಿಮ್ಮ ಮುತ್ತಜ್ಜಿಯ ಮನೆಯಲ್ಲಿ ರೇಷ್ಮೆ ಹುಳುಗಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ಬಿಟ್ಟು ಮಲಗಿದಾಗ, ಹಿರಿಯರು ತುಟಿಯ ಮೇಲೆ ಬೆರಳಿಟ್ಟು ಓಡಾಡುತ್ತಿದ್ದರು. ನನ್ನ ಮನಸ್ಸಿನಲ್ಲಿ ಮೈಕ್ರೋ ಆರ್‌ಎನ್‌ಎ ಇವತ್ತಿಗೂ ಆ ಬೆರಳಿನ ಹಾಗೆಯೇ ಇದೆ.

ಉದ್ದನೆಯ ಚೀಟಿಗಳು ಮೇಣದೊಳಗೆ ವರ್ಷಗಟ್ಟಲೆ ಇದ್ದರೆ ತುಂಡಾಗಿಬಿಡುತ್ತವೆ. ಈ ಗಿಡ್ಡವು ಗಿಡ್ಡವಾಗಿರುವುದರಿಂದಲೇ ಉಳಿಯುತ್ತವೆ. ಅಲಮಾರಿಯಲ್ಲಿದ್ದ ನಮ್ಮ ಹಳೆಯ ಬ್ಲಾಕುಗಳಿಗೆ ಹೀಗೆ ಬೆಲೆ ಬಂತು. ಕೆಲಸದ ರೀತಿ ಬದಲಾಯಿತು. ಈ ಪರೀಕ್ಷೆಗೆ ನೀರಿಲ್ಲ. ಮೇಣದ ಸುರುಳಿಯನ್ನು ನೇರವಾಗಿ ಪುಟ್ಟ ಕೊಳವೆಗೆ ಹಾಕಬೇಕು. ಒಬ್ಬರ ಚೂರು ಇನ್ನೊಬ್ಬರದಕ್ಕೆ ಅಂಟದಂತೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡು, ಹೊಸ ಕೈಗವಸು. ನೀರಿನ ಮೇಲೆ ಹರಡದ ಪಟ್ಟಿಯನ್ನು ಕಂಡು ಮೊದಮೊದಲು ನನಗೆ ಏನೋ ಕಳೆದುಕೊಂಡಂತಾಗುತ್ತಿತ್ತು.

ಡಾಕ್ಟರಮ್ಮನಿಗೆ ಬೇಕಿದ್ದದ್ದು ಎರಡು ಉತ್ತರ. ಅಂದು ತೆಗೆದ ತುಣುಕಿನಲ್ಲಿ ಆ ಬೆರಳುಗಳು ಎಷ್ಟಿದ್ದವು? ಆ ಮನುಷ್ಯ ಆಮೇಲೆ ಎಷ್ಟು ಕಾಲ ಬದುಕಿದ? ಮೊದಲನೆಯದು ಅಲಮಾರಿಯಲ್ಲಿತ್ತು. ಎರಡನೆಯದಕ್ಕೆ ಊರೂರಿಗೆ ಹೋಗಬೇಕಿತ್ತು.

"ಲಕ್ಷ್ಮಮ್ಮ, ನೀವು ಈ ಕಡೆಯವರು. ತೆಲುಗೂ ಬರತ್ತೆ. ಹೋಗ್ತೀರಾ?" ಎಂದರು. ಹೋಗುವುದಿಲ್ಲ ಎನ್ನಲೂ ನನಗೆ ನಾಚಿಕೆ.

ಹೀಗೆ ವಾರಕ್ಕೆ ಎರಡು ದಿನ ಆಸ್ಪತ್ರೆಯ ಪತ್ರ, ತುಂಬಬೇಕಾದ ಫಾರಂ ಹಿಡಿದು ಬಸ್ಸು ಹತ್ತಿದೆ. ಮುರುಗಮಲ್ಲದಲ್ಲಿ ಒಬ್ಬ ಮುದುಕಿ ಬಾಗಿಲಲ್ಲೇ ನನ್ನ ಬರಿಹಣೆ ನೋಡಿ, "ರಾಮ್ಮಾ, ನುವ್ವೂ ನಾಲಾಂಟಿದಾನಿವೇ, ಕೂರ್ಚೋ," ಎಂದಳು. ಬಾಮ್ಮ, ನೀನೂ ನನ್ನಂಥವಳೇ, ಕೂತ್ಕೋ ಎಂದು. ಗಂಡ ಹೋದದ್ದನ್ನು ನಾನು ಕೇಳದೆಯೇ ಎಲ್ಲ ಹೇಳಿದಳು. ಶಿಡ್ಲಘಟ್ಟದ ಹತ್ತಿರ ಒಬ್ಬ ಹೆಂಗಸಿಗೆ ತಾರೀಕು ನೆನಪಿರಲಿಲ್ಲ. "ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ವು ಕಣಕ್ಕ. ಮನೇಲಿ ಹೆಣ, ಒಳಗೆ ಹುಳ. ಅಳೋಕೂ ಹೊರಗೆ ಹೋದ್ವಿ," ಎಂದಳು. ಆ ಬೆಳೆಯ ಗೂಡು ಮಾರುಕಟ್ಟೆಗೆ ಹೋದ ದಿನದ ಚೀಟಿ ಸಿಕ್ಕಿತು. ಇಬ್ಬರೂ ಕೂತು ಬೆರಳು ಮಡಿಸುತ್ತ ಅಲ್ಲಿಂದ ಹಿಂದಕ್ಕೆ ದಿನ ಎಣಿಸಿದೆವು. ಹಿಂದಿರುಗುವ ಬಸ್ಸಿನಲ್ಲಿ ತೂಕಡಿಕೆ ಹತ್ತಿದರೆ ಹೊಲಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿ, ನೀಲಿ ಚುಕ್ಕೆಗಳು ಒಂದೊಂದಾಗಿ ಬದು ದಾಟಿ ಹೋಗುವುದು ಕಾಣುತ್ತಿತ್ತು.

ಆದರೆ ಎಲ್ಲರೂ ತಾವಾಗಿ ಹೇಳುವುದಿಲ್ಲ. 'ನಿಮ್ಮ ಯಜಮಾನರು ಇದ್ದಾರಾ' ಎಂಬ ಮಾತು ನನ್ನ ನಾಲಿಗೆಯ ಮೇಲೆ ಕಲ್ಲಾಗುತ್ತಿತ್ತು. ಇದ್ದರೆ ಅಪಶಕುನ, ಇಲ್ಲದಿದ್ದರೆ ಗಾಯ ಕೆದಕಿದಂತೆ. ಅದಕ್ಕೆ ನಾನು ಒಂದು ಉಪಾಯ ಮಾಡಿಕೊಂಡೆ. ಬಾಗಿಲಿಗೆ ಬಂದವಳ ಹಣೆ ನೋಡುವುದು, ಕೈ ನೋಡುವುದು, ಕತ್ತು ನೋಡುವುದು. ನೀರು ಕೇಳಿ ಕುಡಿದು, ಆರೋಗ್ಯ ವಿಚಾರಿಸಿ, ದಾರಿಗೆ ಬಂದ ಮೇಲೆ ಫಾರಂ ತುಂಬುವುದು. ಸಾವಿನ ತಾರೀಕು ಗೊತ್ತಾಗದಿದ್ದರೆ 'ತಿಳಿಯದು' ಎಂದು ಬರೆಯಲು ಜಾಗವಿತ್ತು. ಈ ಉಪಾಯ ಬಹಳ ಸೂಕ್ಷ್ಮವಾದದ್ದು, ಯಾರ ಮನಸ್ಸನ್ನೂ ನೋಯಿಸದ್ದು ಎಂದು ನನಗೆ ಒಳಗೊಳಗೇ ಹೆಮ್ಮೆ.

ಚಿಂತಾಮಣಿಯ ಹೊಸ ಬಡಾವಣೆಯೊಂದರಲ್ಲಿ ಮುನಿರಾಜು ಎಂಬವರ ಮನೆ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಹೊಟ್ಟೆಯ ಮುಕ್ಕಾಲು ಭಾಗ ತೆಗೆದಿದ್ದ ರೋಗಿ. ನಾನು ಹೋದಾಗ ಬಾಗಿಲು ತೆರೆದಿತ್ತು. ಒಳಗೆ ಅವರ ಹೆಂಡತಿ ಬಿಳಿ ಸೀರೆಯುಟ್ಟು ಚಾಪೆಯ ಮೇಲೆ ಕೂತಿದ್ದರು. ಹಣೆಯಲ್ಲಿ ಏನೂ ಇಲ್ಲ. ಕೈಯಲ್ಲಿ ಬಳೆಯಿಲ್ಲ, ಕತ್ತು ಬರಿದು. ಎದುರಿಗೆ ಬುದ್ಧನ ಚಿತ್ರ, ಒಂದು ಮೇಣದ ಬತ್ತಿ. ಕಣ್ಣು ಮುಚ್ಚಿದ್ದರು. ಆ ನಿಶ್ಶಬ್ದದಲ್ಲಿ ನನಗೆ ನಿಮ್ಮ ತಾತ ಹೋದ ಮೊದಲ ವರ್ಷದ ದಿನಗಳು ನೆನಪಾದವು. ಹೊಸ್ತಿಲು ದಾಟಲಿಲ್ಲ. ಬಂದ ಹಾಗೆಯೇ ತಿರುಗಿ, ಬೇವಿನ ಮರದ ಕೆಳಗೆ ನಿಂತು ಬರೆದೆ: ತೀರಿಕೊಂಡಿದ್ದಾರೆ. ತಾರೀಕು ತಿಳಿಯದು.

ಆ ಫಾರಮ್ಮಿನಿಂದ ಇನ್ನೊಂದು ಕೆಲಸವೂ ಆಗುತ್ತಿತ್ತು. ಆಪರೇಷನ್ ಆದವರನ್ನು ಆಗಾಗ ತಪಾಸಣೆಗೆ ಕರೆಯುವ ಪಟ್ಟಿಯೊಂದು ಆಸ್ಪತ್ರೆಯಲ್ಲಿತ್ತು. ತೀರಿಕೊಂಡವರ ಮನೆಗೆ ಫೋನು ಹೋಗಿ ಮನೆಯವರು ಅತ್ತದ್ದು ಹಿಂದೆ ನಡೆದಿತ್ತು. ಆದ್ದರಿಂದ ನಾನು ಬರೆದುಕೊಂಡು ಬಂದ ಹೆಸರುಗಳನ್ನು ಅಂದೇ ಆ ಪಟ್ಟಿಯಿಂದ ತೆಗೆಯುತ್ತಿದ್ದರು.

ಒಂದು ವರ್ಷದ ಮೇಲಾಯಿತು. ಕೊಳವೆಗಳ ಪರೀಕ್ಷೆ ಮುಗಿದು ಮೇಘನಾ ಕಂಪ್ಯೂಟರಿನ ಮೇಲೆ ಚುಕ್ಕೆಗಳನ್ನು ಜೋಡಿಸಿದಳು. ತಡೆಯುವ ಬೆರಳುಗಳು ಕಡಿಮೆಯಿದ್ದವರಲ್ಲಿ ಹೆಚ್ಚಿನವರಿಗೆ ರೋಗ ಹರಡಿತ್ತು, ಬೇಗ ಹೋಗಿದ್ದರು. ಹೆಚ್ಚಿದ್ದವರು ಹೆಚ್ಚು ಕಾಲ ಇದ್ದರು. ಒಂದು ಚುಕ್ಕೆ ಮಾತ್ರ ಒಂಟಿಯಾಗಿ ದೂರದಲ್ಲಿ ಕೂತಿತ್ತು.

"ಇದೊಂದು ಹಠ ಮಾಡ್ತಿದೆ ಮೇಡಂ," ಎಂದಳು ಮೇಘನಾ. "ಚಿಂತಾಮಣಿ ಮುನಿರಾಜು. ಎಲ್ಲಾ ಚೆನ್ನಾಗಿದೆ, ಆದ್ರೂ ಹೋಗ್ಬಿಟ್ಟಿದಾರೆ."

"ತಾರೀಕೇ ಇಲ್ವಲ್ಲ. ಲಕ್ಷ್ಮಮ್ಮ, ಯಾರು ಹೇಳಿದ್ರು ನಿಮಗೆ?" ಎಂದರು ಡಾಕ್ಟರಮ್ಮ.

ನಾನು ನೆಲ ನೋಡಿದೆ. ನನ್ನ ದನಿ ನನಗೇ ಕೇಳಿಸದಷ್ಟು ಮೆಲ್ಲಗೆ, "ಯಾರೂ ಹೇಳ್ಲಿಲ್ಲ ಮೇಡಂ. ಅವರ ಹೆಂಡತಿ ಹಣೆ ನೋಡ್ದೆ," ಎಂದೆ.

"ಹೀಗೆ ಎಷ್ಟು ಜನರದು ಬರ್ದಿದೀರಿ?"

"ಸುಮಾರು ಜನರದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಘನಾ ನನ್ನ ಪರವಾಗಿ, "ಹೋಗ್ಲಿ ಬಿಡಿ ಮೇಡಂ, ಇವರೊಬ್ಬರದು ನೋಡ್ಕೊಂಡು ಬಂದ್ರೆ ಸರಿಹೋಗತ್ತೆ. ಉಳಿದಿದ್ದೆಲ್ಲಾ ಕರೆಕ್ಟಾಗೇ ಬಂದಿದೆ," ಎಂದಳು.

"ನಮಗೆ ಒಗ್ಗದೇ ಇರೋದನ್ನ ಮಾತ್ರ ತಿದ್ದಿದ್ರೆ ಅದು ಸಂಶೋಧನೆ ಅಲ್ಲಮ್ಮ. ನಮಗೆ ಬೇಕಾದ ಹಾಗೆ ಬರ್ಕೊಂಡಂಗೆ. ಹಣೆ ನೋಡಿ ಬರೆದಿದ್ದಷ್ಟನ್ನೂ ಮತ್ತೆ ಹೋಗಿ ಬಾಯಲ್ಲಿ ಕೇಳ್ಬೇಕು. ಇದ್ದಾರೆ ಅಂತ ಬರೆದಿರೋದನ್ನೂ." ಆಮೇಲೆ ನನ್ನ ಕಡೆ ತಿರುಗಿ, "ಮುನಿರಾಜು ಬದುಕಿದ್ರೆ, ಒಂದು ವರ್ಷದಿಂದ ಅವರನ್ನ ನಾವು ತಪಾಸಣೆಗೆ ಕರೆದಿಲ್ಲ. ಅದು ಗೊತ್ತಾಯ್ತಾ?" ಎಂದರು. ಅಷ್ಟೇ ಅವರು ನನ್ನನ್ನು ಬೈದದ್ದು.

ಗೊತ್ತಾಗಿತ್ತು. ಇಂಥ ಆಪರೇಷನ್ನಿನ ಮೇಲೆ ಉಳಿದ ತುಂಡು ಹೊಟ್ಟೆಯಲ್ಲಿ ರೋಗ ಮತ್ತೆ ಮೊಳೆಯಬಹುದು. ಮೊದಲೇ ಕಂಡರೆ ಒಂದು ದಾರಿ, ತಡವಾದರೆ ಇನ್ನೊಂದು. ಅಂದಿನಿಂದ ಕೆಲವು ದಿನ ನನಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿ. ಯಂತ್ರದ ಹಿಡಿ ತಿರುಗಿಸುತ್ತಿದ್ದರೆ ಒಂದು ವರ್ಷದ ದಿನಗಳೆಲ್ಲ ತೆಳ್ಳಗೆ ಪಟ್ಟಿಯಾಗಿ ಬರುತ್ತಿರುವಂತೆ ಅನಿಸುತ್ತಿತ್ತು. ಯಾವ ದಿನದೊಳಗೆ ಏನು ಶುರುವಾಗಿದೆಯೋ ಬರಿಗಣ್ಣಿಗೆ ಕಾಣುವುದಿಲ್ಲ.

ಚಿಂತಾಮಣಿಯ ಆ ಮನೆಯ ಬಾಗಿಲನ್ನು ಲುಂಗಿಯುಟ್ಟ ಗಂಡಸೊಬ್ಬ ತೆಗೆದ.

"ಯಾರು ಬೇಕಿತ್ತಮ್ಮ?"

"ಮುನಿರಾಜು ಅಂತ..."

"ನಾನೇ."

ನಾನು ಮೆಟ್ಟಿಲ ಮೇಲೆಯೇ ಕೂತೆ. ಒಳಗಿನಿಂದ ಅವರ ಹೆಂಡತಿ ಸುಜಾತಮ್ಮ ನೀರು ತಂದರು. ಹಸಿರು ಸೀರೆ, ಹಣೆ ಮಾತ್ರ ಅಂದಿನ ಹಾಗೆಯೇ ಬರಿದು. ಅವರು ಬೌದ್ಧರು. ನಾನು ಮೊದಲ ಸಲ ಹೋದ ದಿನ ಹುಣ್ಣಿಮೆ. ಹುಣ್ಣಿಮೆಯ ದಿನ ಬಿಳಿ ಉಟ್ಟು, ಒಡವೆ ತೆಗೆದಿಟ್ಟು, ಶೀಲ ಹಿಡಿದು, ಅಂದರೆ ಬುದ್ಧನ ನಿಯಮಗಳನ್ನು ಪಾಲಿಸಿ ಕೂರುವುದು ಅವರ ಪದ್ಧತಿ. ಕುಂಕುಮವನ್ನು ಬಹಳ ಹಿಂದೆಯೇ ತಾವಾಗಿ ಬಿಟ್ಟಿದ್ದರು. ಅವತ್ತು ಗಂಡ ಡ್ಯೂಟಿಗೆ ಹೋಗಿದ್ದರಂತೆ.

ನಾನು ಮಾಡಿದ್ದನ್ನು ಹೇಳಿದೆ. ಜೀವನದಲ್ಲಿ ಅಷ್ಟು ಉದ್ದ ಮಾತನ್ನು ಹೊರಗಿನವರ ಮುಂದೆ ಅದೇ ಮೊದಲು ಆಡಿದ್ದು.

ಮುನಿರಾಜು ನಕ್ಕರು. "ಕಂಬದ ಮೇಲೆ ಸಾಯೋ ನನ್ಮಗ ಪೇಪರಲ್ಲಿ ಸತ್ತೆ ನೋಡಿ. ಅದಕ್ಕೇ ಇರ್ಬೇಕು, ಒಂದ್ ವರ್ಷದಿಂದ ದೆವ್ವದಂಥ ಹಸಿವು."

ಸುಜಾತಮ್ಮ ನಗಲಿಲ್ಲ. "ನೀವು ಸುಮ್ನಿರಿ. ಅಕ್ಕಾ, ಆಸ್ಪತ್ರೆಯವರು ಕರೀಲಿಲ್ಲ ಅಂದ್ಮೇಲೆ ವಾಸಿಯಾಗಿದೆ ಅಂತ ನಾವು ಆರಾಮಾಗಿದ್ವಿ. ಎಲ್ಲರಿಗೂ ಹಂಗೇ ಹೇಳ್ಕೊಂಡ್ ಬಂದ್ವಿ. ನೀವು ನನ್ನ ಹಣೆ ನೋಡಿದ್ರಿ. ಅಮ್ಮಾ ಅಂತ ಒಂದ್ಸಲ ಕೂಗಿದ್ರೆ ಎದ್ದು ಬರ್ತಿದ್ನಲ್ಲ?"

ಆದಷ್ಟು ಬೇಗ ಆಸ್ಪತ್ರೆಗೆ ಬನ್ನಿ ಎಂದು ಕೈಮುಗಿದೆ. ಮರುವಾರ ತಪಾಸಣೆಗೆ ಬರುತ್ತೇವೆಂದರು.

ಆ ನಡುವೆ ಉಳಿದ ಮನೆಗಳಿಗೂ ಹೋದೆ. ಈ ಸಲ ಕೇಳಿದೆ. ಗೌರಿಬಿದನೂರಿನಲ್ಲಿ ಹೂ ಮುಡಿದು ಅಗಲವಾಗಿ ಕುಂಕುಮವಿಟ್ಟ ಹೆಂಗಸೊಬ್ಬರನ್ನು ನೋಡಿ ಹಿಂದೆ 'ಇದ್ದಾರೆ' ಎಂದು ಬರೆದಿದ್ದೆ. ಆಕೆ ಸರ್ಕಾರಿ ಶಾಲೆಯ ಟೀಚರು. "ಅವರು ಹೋಗಿ ಎರಡು ವರ್ಷ ಆಯ್ತು," ಎಂದರು. ನಾನು ಅವರ ಹಣೆಯನ್ನೇ ನೋಡುತ್ತಿದ್ದೆ ಅಂತ ಕಾಣುತ್ತದೆ. "ಮಕ್ಕಳು ಬೇಡ ಅಂದ್ರು ಟೀಚರ್ ಹಂಗಿರೋದು. ನನಗೂ ಬೇಡ ಅನಿಸ್ತು," ಎಂದು ತಾವೇ ಹೇಳಿದರು. ಅವರ ಗಂಡನ ತುಣುಕಿನಲ್ಲಿ ತಡೆಯುವ ಬೆರಳುಗಳು ಬೇಕಾದಷ್ಟಿದ್ದವು. ಆದರೂ ಹೋಗಿದ್ದರು. ಮೇಘನಾಳ ಚುಕ್ಕೆಗಳ ಸಾಲು ಮೊದಲಿನಷ್ಟು ಅಂದವಾಗಿ ಉಳಿಯಲಿಲ್ಲ. ಅಳತೆ ದಾರಿ ತೋರಿಸುತ್ತದೆ, ಹಣೆಬರಹ ಹೇಳುವುದಿಲ್ಲ, ಇನ್ನೂ ಎಷ್ಟೋ ಜನರಲ್ಲಿ ನೋಡಬೇಕು ಎಂದು ಡಾಕ್ಟರಮ್ಮ ಬರೆದರು. ಫಾರಮ್ಮಿನಲ್ಲಿ 'ಯಾರು ಹೇಳಿದರು' ಎಂಬ ಹೊಸ ಸಾಲನ್ನೂ ಸೇರಿಸಿದರು.

ಮುನಿರಾಜು ಬಂದರು. ಕೊಳವೆ ಇಳಿಸಿ ನೋಡಿದಾಗ ಹೊಲಿಗೆಯ ಹತ್ತಿರ ಕೆಂಪಗೆ ಒಂದು ಜಾಗ ಕಂಡಿತಂತೆ. ಅಲ್ಲಿಂದ ಸಾಸಿವೆಯಷ್ಟು ದೊಡ್ಡ ನಾಲ್ಕು ಚೂರು ನಮ್ಮ ಲ್ಯಾಬಿಗೆ ಬಂದವು. ನನ್ನ ನಿವೃತ್ತಿಗೆ ಆಗ ತಿಂಗಳೂ ಇರಲಿಲ್ಲ. ಬೇರೆಯವರ ಕೈಯಲ್ಲಿ ಕೊಡಿ ಎಂದೆ. "ನಿಮಗಿಂತ ಚೆನ್ನಾಗಿ ಕತ್ತರಿಸೋರು ಯಾರಿದ್ದಾರೆ?" ಎಂದರು ಡಾಕ್ಟರಮ್ಮ.

ಮರುದಿನ ಬೆಳಿಗ್ಗೆ ಬ್ಲಾಕು ಸಿದ್ಧವಾಗಿತ್ತು. ಸುಜಾತಮ್ಮ ಒಬ್ಬರೇ ಬಂದು ಲ್ಯಾಬಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಗಂಡನನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ನಾನು ಹಾದುಹೋಗುವಾಗ ಕೈ ಹಿಡಿದು ನಿಲ್ಲಿಸಿದರು.

"ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ನಾನು ಕುಂಕುಮ ಬಿಟ್ಟಿದ್ದು ನನ್ನಿಷ್ಟಕ್ಕೆ. ನೀವು?"

ಒಳಗಿನಿಂದ ಮೇಘನಾ ಕರೆದಳು. ಬಂದೆ ಎಂದು ಹೋಗಿಬಿಟ್ಟೆ.

ನೀರಿನ ಬಿಸಿಯನ್ನು ಎರಡು ಸಲ ನೋಡಿದೆ. ಹೊಸ ಬ್ಲೇಡು ಹಾಕಿದೆ. ಉಸಿರು ಹಿಡಿದು ಹಿಡಿ ತಿರುಗಿಸಿದೆ. ಪಟ್ಟಿ ಬಂತು. ನೀರಿನ ಮೇಲೆ ಇಳಿಸಿದೆ, ಒಂದೂ ಸುಕ್ಕಿಲ್ಲದೆ ಹರಡಿತು. ಸುತ್ತಲಿನ ಸದ್ದೆಲ್ಲ ನಿಂತುಹೋದ ಹಾಗಿತ್ತು. ನಾಲ್ಕು ಚುಕ್ಕೆಗಳು, ಮೋಡದ ನೆರಳಿನಷ್ಟೇ ಬಣ್ಣ. ಗಾಜಿನ ಮೇಲೆ ಹಿಡಿದೆ, ಒಣಗಿಸಿದೆ, ನೀಲಿ, ಗುಲಾಬಿ. ಡಾಕ್ಟರಮ್ಮನ ಕೈಗೆ ಕೊಟ್ಟೆ.

ಅವರು ನಾಲ್ಕು ಚೂರನ್ನೂ ಒಂದೊಂದಾಗಿ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ಆಮೇಲೆ ಎದ್ದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಚಪ್ಪರ ಸ್ವಲ್ಪ ಕೆದರಿತ್ತು, ಊತವಿತ್ತು. ಆದರೆ ಸಾಲುಗಳು ಸಾಲಿನಲ್ಲಿದ್ದವು. ಒಂಟಿಯಾಗಿ ಹೊರಟದ್ದು ಎಲ್ಲೂ ಇರಲಿಲ್ಲ.

"ಬರೀ ಉರಿಯೂತ. ಇವತ್ತಿಗೆ ಕ್ಯಾನ್ಸರ್ ಇಲ್ಲ. ಆರು ತಿಂಗಳಿಗೆ ಮತ್ತೆ ಬರ್ಬೇಕು. ಹೋಗಿ ಹೇಳಿ, ನೀವೇ ಹೇಳಿ," ಎಂದರು.

ನಾನು ಹೊರಗೆ ಬಂದು ಸುಜಾತಮ್ಮನ ಮುಂದೆ ನಿಂತು, ಅವರ ಮುಖವನ್ನೇ ನೋಡುತ್ತಾ, ಆ ಮಾತುಗಳನ್ನು ಒಂದೂ ನುಂಗದೆ ಹೇಳಿದೆ. ಅವರು ಸೆರಗಿನಿಂದ ಕಣ್ಣೊತ್ತಿಕೊಂಡರು. ನಾನು ಒಳಕ್ಕೆ ಹೋಗಲು ತಿರುಗಿದೆ.

"ನಾನು ಕೇಳಿದ್ದಕ್ಕೆ ನೀವು ಹೇಳ್ಲಿಲ್ಲ," ಎಂದರು.

ನಿಮ್ಮ ತಾತ ಹೋದ ಹನ್ನೊಂದನೆಯ ದಿನ ನನ್ನ ಕುಂಕುಮ ಅಳಿಸಿದಾಗಿನಿಂದ ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನನಗೆ ಯಾರೂ ಹಾಕಿರಲಿಲ್ಲ. ನಾನೂ ಹಾಕಿಕೊಂಡಿರಲಿಲ್ಲ.

"ನನ್ನನ್ನ ಯಾರೂ ಕೇಳ್ಲಿಲ್ಲ ಕಣಮ್ಮ," ಎಂದೆ.

ಸುಜಾತಮ್ಮ ತಮ್ಮ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಬೆಂಚಿನಲ್ಲಿ ನನಗೆ ಜಾಗ ಮಾಡಿದರು. ನಾನು ಕೂತೆ.